ಬಣ್ಣದ ನೀರಿಗೆ ಬಿಸಿಲಿನ ಮದ್ದು

ನಮ್ಮ ಕಡೂರು, ಅಜ್ಜಂಪುರಗಳ ಬಯಲಿನಲ್ಲಿ ಬಿಸಿಲಿಗೆ ಬಡತನವಿಲ್ಲ, ಬಡತನವಿರುವುದು ನೀರಿಗೆ. ಇಂತಹ ನಾಡಿನಲ್ಲಿ ಬಳಸಿದ ನೀರನ್ನು ಮತ್ತೆ ಬಳಕೆಗೆ ತರಲು ಬಿಸಿಲನ್ನೇ ದುಡಿಸಿಕೊಳ್ಳಬಹುದೆ? ಬಣ್ಣ ಬೆರೆತ ನೀರಿನ ಮಟ್ಟಿಗೆ ವಿಜ್ಞಾನವು ಆಶಾದಾಯಕವಾದ ಉತ್ತರವನ್ನು ಕೊಟ್ಟಿದೆ.

ತರೀಕೆರೆಯ ಕಡೆ ಅಡಿಕೆ ಬೇಯಿಸುವಾಗ ಕೈಗೆ ಹತ್ತಿದ ಚೊಗರು ಸುಲಭವಾಗಿ ಹೋಗದೆಂಬುದನ್ನು ನಾವೆಲ್ಲರೂ ಬಲ್ಲೆವು. ಬಟ್ಟೆಗೆ ಹಾಕುವ ಕೃತಕ ಬಣ್ಣಗಳಾದರೋ ಬಿಸಿಲಿಗೂ ಸಾಬೂನಿಗೂ ಜಗ್ಗದಿರಲೆಂದೇ ಮಾಡಿದವು. ನೀರಿಗೆ ಸೇರಿದ ಮೇಲೂ ಅವು ಹಟಮಾರಿಗಳೇ. ಇದ್ದಲಿನ ಪುಡಿಯಲ್ಲಿ ಸೋಸಿದರೆ ನೀರು ತಿಳಿಯಾಗುವುದು ನಿಜ. ಆದರೆ ಬಣ್ಣ ನಾಶವಾಗುವುದಿಲ್ಲ, ನೀರನ್ನು ಬಿಟ್ಟು ಇದ್ದಲಿಗೆ ಅಂಟಿಕೊಳ್ಳುತ್ತದೆ, ಅಷ್ಟೆ. ಬಣ್ಣದ ಅಣುವನ್ನೇ ಒಡೆಯಬೇಕು.

ಈ ಕೆಲಸಕ್ಕೆ ಒದಗುವ ವಸ್ತು ಟೈಟಾನಿಯಂ ಡೈಆಕ್ಸೈಡ್. ಗೋಡೆಗೆ ಬಳಿಯುವ ಬಿಳಿ ಪೇಯಿಂಟಿನಲ್ಲಿರುವ ಪುಡಿಯೇ ಇದು. 1972ರಲ್ಲಿ ಜಪಾನಿನ ಫುಜಿಷಿಮಾ ಮತ್ತು ಹೊಂಡಾ ಇದರ ಮೇಲೆ ಬೆಳಕು ಬೀಳಿಸಿ ನೀರನ್ನು ವಿಭಜಿಸಿದ ಸಂಗತಿಯನ್ನು ಪ್ರಕಟಿಸಿದರು. ಸುಮಾರು 388 ನ್ಯಾನೊಮೀಟರಿಗಿಂತ ಕಡಿಮೆ ತರಂಗದೂರದ ನೇರಳಾತೀತ ಕಿರಣ ತಾಗಿದಾಗ ಇದರೊಳಗಿನ ಎಲೆಕ್ಟ್ರಾನು ತನ್ನ ನೆಲೆ ಬಿಟ್ಟು ಮೇಲೇಳುತ್ತದೆ. ಅದು ಬಿಟ್ಟುಹೋದ ತೆರಪು ನೀರಿನೊಡನೆ ವರ್ತಿಸಿ ಹೈಡ್ರಾಕ್ಸಿಲ್ ಎಂಬ ಅತಿ ಚುರುಕಾದ ಕಣವನ್ನು ಹುಟ್ಟಿಸುತ್ತದೆ. ಈ ಕಣಗಳು ಬಣ್ಣದ ಅಣುವನ್ನು ತುಂಡು ತುಂಡು ಮಾಡಿ, ಕಡೆಗೆ ಇಂಗಾಲದ ಡೈಆಕ್ಸೈಡ್, ನೀರು ಮತ್ತು ಲವಣಗಳನ್ನಾಗಿಸುತ್ತವೆ. ಪುಡಿ ಮಾತ್ರ ಖರ್ಚಾಗದೆ ಉಳಿಯುವುದರಿಂದ ಇದನ್ನು ದ್ಯುತಿವೇಗವರ್ಧಕವೆನ್ನುತ್ತಾರೆ.

ಇದೆಲ್ಲ ನಡೆಯುವುದು ಪುಡಿಯ ಮೇಲ್ಮೈಯಲ್ಲಿ. ಒಂದು ಲೆಕ್ಕ ಮಾಡೋಣ. 1 ಸೆಂಟಿಮೀಟರ್ ಅಂಚಿನ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರ್ ಅಂಚಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್! ಕಣಗಳು ಒತ್ತಾಗಿ ಅಂಟಿಕೊಂಡರೆ ಈ ಲಾಭ ಕೈತಪ್ಪುತ್ತದೆ. ಆದುದರಿಂದ ವಸ್ತುವು ಸ್ಪಂಜಿನಂತೆ ರಂಧ್ರಮಯವಾಗಿರಬೇಕು.

ಇಂತಹ ಆಕ್ಸೈಡುಗಳಿಗೆ ಸುಲಭ ಮಾರ್ಗವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಿಂಗ್ಸ್‌ಲಿ ಮತ್ತು ಕೆ. ಸಿ. ಪಾಟೀಲ್ 1988ರಲ್ಲಿ ಪ್ರಕಟಿಸಿದರು. ಲೋಹದ ನೈಟ್ರೇಟು ಮತ್ತು ಯೂರಿಯಗಳ ದ್ರಾವಣವನ್ನು ಸುಮಾರು 500 ಡಿಗ್ರಿ ಸೆಂಟಿಗ್ರೇಡಿನ ಕುಲುಮೆಯಲ್ಲಿಟ್ಟರೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಅನಿಲಗಳು ನುಗ್ಗಿ ಹೊರಬಂದು, ಕೆಲವೇ ನಿಮಿಷಗಳಲ್ಲಿ ಮಂಡಕ್ಕಿಯಂತೆ ಉಬ್ಬಿದ ಆಕ್ಸೈಡು ಉಳಿಯುತ್ತದೆ. 2004ರಲ್ಲಿ ಅದೇ ಸಂಸ್ಥೆಯ ಎಂ. ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮತ್ತು ಸಂಗಡಿಗರು, ದಹನದಿಂದ ತಯಾರಿಸಿದ ಟೈಟಾನಿಯಂ ಡೈಆಕ್ಸೈಡು ಬಿಸಿಲಿನಲ್ಲಿ ಮೆಥಿಲೀನ್ ಬ್ಲೂ ಮೊದಲಾದ ಬಣ್ಣಗಳನ್ನು ಪೇಟೆಯ ಪುಡಿಗಿಂತ ಬೇಗ ಒಡೆಯುವುದೆಂದು ತಿಳಿಸಿದರು.

ಹಾಗಾದರೆ ರಂಧ್ರ ಹೆಚ್ಚಿದಷ್ಟೂ ಒಳ್ಳೆಯದೆ? ಅಲ್ಲ. ಬಣ್ಣದ ಅಣು ಹೊಗಲಾರದ ರಂಧ್ರ ವ್ಯರ್ಥ; ಬೆಳಕು ಮುಟ್ಟದ ರಂಧ್ರವೂ ವ್ಯರ್ಥ. ಬಿಸಿಲಿನಲ್ಲಿ ನೇರಳಾತೀತದ ಪಾಲು ನೂರಕ್ಕೆ ಸುಮಾರು 5 ಮಾತ್ರ. ಗಾಢ ಬಣ್ಣದ ನೀರು ಅದನ್ನೂ ನುಂಗುತ್ತದೆ. ಆದಕಾರಣ ಇದು ಕೆರೆಗೆ ಪುಡಿ ಸುರಿಯುವ ಮಾತಲ್ಲ. ಬಣ್ಣದ ತೊಟ್ಟಿಯ ನೀರನ್ನು, ಕೆರೆ ಸೇರುವ ಮೊದಲೇ, ಈ ವಸ್ತುವನ್ನು ಲೇಪಿಸಿದ ಹಲಗೆಯ ಮೇಲೆ ತೆಳುವಾಗಿ ಹರಿಸಬೇಕು.

ಇನ್ನೊಂದು ಎಚ್ಚರವೂ ಅಗತ್ಯ. ಬಣ್ಣ ಹೋದ ಮಾತ್ರಕ್ಕೆ ವಿಷ ಹೋಯಿತೆನ್ನಲಾಗದು. ಅರೆಬರೆ ಒಡೆದ ತುಣುಕುಗಳು ಕಣ್ಣಿಗೆ ಕಾಣದೆ ನೀರಿನಲ್ಲಿ ಉಳಿದಿರಬಹುದು. ಅವುಗಳಲ್ಲಿರುವ ಇಂಗಾಲವನ್ನು ಅಳೆದು, ಅದೂ ತೀರಿತೆಂದು ಕಂಡ ಮೇಲೆಯೇ ಬಿಸಿಲು ತನ್ನ ಕೆಲಸ ಮುಗಿಸಿತೆಂದು ನಾವು ಹೇಳಬಹುದು.