ಟಾರು ರೋಡಿಗೂ ಸೈ, ಮಣ್ಣು ದಾರಿಗೂ ಸೈ: ಸೈಕ್ಲೋಕ್ರಾಸ್ ಸೈಕಲ್ ಕೊಳ್ಳೋ ಮುನ್ನ ಇದನ್ನ ನೋಡಿ

ಆಫೀಸಿಗೊಂದು, ಭಾನುವಾರದ ದೂರದ ಸವಾರಿಗೊಂದು, ತೋಟದ ದಾರಿಗೊಂದು ಅಂತ ಮೂರು ಸೈಕಲ್ ಇಡೋದು ಎಲ್ಲರ ಕೈಲೂ ಆಗಲ್ಲ. ಒಂದರಲ್ಲೇ ಎಲ್ಲಾ ಆಗಬೇಕು ಅನ್ನೋರಿಗೆ ಸೈಕ್ಲೋಕ್ರಾಸ್ ಸೈಕಲ್ ಒಳ್ಳೆಯ ಆಯ್ಕೆ.

ಬೆಲ್ಜಿಯಂನಂಥ ದೇಶಗಳಲ್ಲಿ ಚಳಿಗಾಲದಲ್ಲಿ ನಡೆಯುವ ಕೆಸರಿನ ರೇಸ್‌ಗಳಿಗೆ ಬಳಸುವ ಸೈಕಲ್ ಇದು. ನೋಡೋಕೆ ರೋಡ್ ಸೈಕಲ್ ಥರವೇ, ಬಾಗಿದ ಹ್ಯಾಂಡಲ್. ಆದರೆ ಫ್ರೇಮ್‌ನಲ್ಲಿ ದಪ್ಪ ಟೈರ್‌ಗೆ ಜಾಗ ಇರುತ್ತೆ. ಟಾರು ರೋಡಿಗೆ 28 ಮಿ.ಮೀ. ನುಣುಪು ಟೈರ್, ಮಣ್ಣು ದಾರಿಗೆ 33 ಮಿ.ಮೀ. ಗುಬುಟಿನ ಟೈರ್ ಹಾಕಿದರೆ ಸಾಕು, ಸೈಕಲ್ ಅದೇ.

ಆದರೆ ಒಂದು ಎಚ್ಚರ. ಈ ರೇಸ್ ಮುಗಿಯೋದು ಸುಮಾರು ಒಂದು ಗಂಟೆಯಲ್ಲಿ. ಹಾಗಾಗಿ ಅಪ್ಪಟ ರೇಸ್ ಮಾಡೆಲ್‌ಗಳಲ್ಲಿ ದಿನಬಳಕೆಯ ಸೌಕರ್ಯ ಕಮ್ಮಿ. ಕೊಳ್ಳುವಾಗ ಮೂರು ವಿಷಯ ಪರೀಕ್ಷಿಸಿ:

1. ಮಡ್‌ಗಾರ್ಡ್, ಕ್ಯಾರಿಯರ್ ಕೂರಿಸಲು ಫ್ರೇಮ್‌ನಲ್ಲಿ ಬೋಲ್ಟ್ ತೂತು ಇದೆಯೇ?
2. ಏರು ಹತ್ತಲು ಹಗುರ ಗೇರ್ ಇದೆಯೇ? ಹಿಂದಿನ ದೊಡ್ಡ ಚಕ್ರಕ್ಕೆ 32 ಹಲ್ಲಿದ್ದರೆ ಕಾಲಿಗೆ ಆರಾಮ.
3. ಡಿಸ್ಕ್ ಬ್ರೇಕ್ ಇದೆಯೇ? ಮಳೆಯಲ್ಲಿ ಹಿಡಿತ ಚೆನ್ನಾಗಿರುತ್ತೆ.

ಈ ಮೂರೂ ಇಲ್ಲದಿದ್ರೆ ಗ್ರಾವೆಲ್ ಸೈಕಲ್ ನೋಡೋದೇ ವಾಸಿ.