ಬಿಸಿಲು ಬಡಿದವರಿಗೆ ಮೊದಲು ತಣ್ಣೀರು

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಆ ಬಿಸಿಲಲ್ಲೇ ಸ್ಲ್ಯಾಬಿಗೆ ಕಬ್ಬಿಣ ಕಟ್ಟುವವರು, ಕಾಂಕ್ರೀಟ್ ಹೊರುವವರು ದುಡಿಯುತ್ತಾರೆ. ಅವರಲ್ಲೊಬ್ಬರು ಮಧ್ಯಾಹ್ನದ ಹೊತ್ತಿಗೆ ತಡಬಡಿಸಿ ಮಾತಾಡತೊಡಗಿದರೆ, ತೂರಾಡಿ ಕುಸಿದರೆ, ಸುಸ್ತಾಗಿದೆಯೆಂದು ನೆರಳಲ್ಲಿ ಮಲಗಿಸಿ ಸುಮ್ಮನಾಗಬಾರದು. ಅದು ಹೀಟ್ ಸ್ಟ್ರೋಕ್ ಇರಬಹುದು. ನಿಮಿಷಗಳ ಲೆಕ್ಕದಲ್ಲಿ ಜೀವ ತೆಗೆಯಬಲ್ಲ ಸ್ಥಿತಿ ಅದು.

ದುಡಿಯುವ ಸ್ನಾಯುಗಳು ಶಾಖ ಹುಟ್ಟಿಸುತ್ತವೆ. ರಕ್ತ ಅದನ್ನು ಚರ್ಮಕ್ಕೆ ತಲುಪಿಸುತ್ತದೆ, ಬೆವರು ಆವಿಯಾಗುತ್ತ ಹೊರಗೊಯ್ಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಕಳೆಯುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿದ್ದಾಗ ದೇಹಕ್ಕೆ ಉಳಿಯುವ ದಾರಿ ಇದೊಂದೇ. ಮೈಯಲ್ಲಿ ನೀರು ಕಡಿಮೆಯಾದರೆ, ಸೆಕೆಗೆ ಬೆವರು ಆರದಿದ್ದರೆ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಮೊದಲು ಮಿದುಳು ಎಡವುತ್ತದೆ. ಕರುಳಿನ ಒಳಪದರ ಸಡಿಲಗೊಂಡು ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡ, ಯಕೃತ್ತು ಸೋಲುತ್ತವೆ. ಕಾವು ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ಹಾನಿ ನಿಂತಿದೆ.

ಹೀಟ್ ಸ್ಟ್ರೋಕಾದರೆ ಬೆವರು ನಿಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ ಮೈಮುರಿದು ದುಡಿಯುವವರ ಮೈ ಬೆವರಿನಿಂದ ತೊಯ್ದಿರಲೂಬಹುದು. ಆದ್ದರಿಂದ ಬುದ್ಧಿಯನ್ನು ಗಮನಿಸಿ: ಹೆಸರೇನು, ಎಲ್ಲಿದ್ದೀರಿ ಎಂದು ಕೇಳಿ. ಉತ್ತರ ಅಡ್ಡಾದಿಡ್ಡಿಯಾದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ಆ ಕ್ಷಣವೇ ಮೈ ತಂಪು ಮಾಡಲಿ.

ಅದಕ್ಕೆ ಬೇಕಾದದ್ದು ಕೆಲಸದ ಜಾಗದಲ್ಲೇ ಇರುತ್ತದೆ. ನೆರಳಲ್ಲಿ ತಾಡಪತ್ರಿ ಹಾಸಿ, ದಪ್ಪ ಬಟ್ಟೆ ತೆಗೆದು ಮಲಗಿಸಿ. ನಾಲ್ಕು ಜನ ಅಂಚುಗಳನ್ನು ಎತ್ತಿ ಹಿಡಿದರೆ ಅದೇ ತೊಟ್ಟಿ. ಕ್ಯೂರಿಂಗ್‌ಗೆಂದು ತುಂಬಿಸಿಟ್ಟ ಡ್ರಮ್ಮಿನ ನೀರು ಸುರಿಯಿರಿ, ಐಸ್ ಸಿಕ್ಕರೆ ಹಾಕಿ, ನೀರು ಮೈತುಂಬ ಹರಿದಾಡುವಂತೆ ತಾಡಪತ್ರಿಯನ್ನು ಅತ್ತಿತ್ತ ಆಡಿಸಿ. ಮುಖ ನೀರಿನಿಂದ ಮೇಲಿರಲಿ. ಅರ್ಧ ಗಂಟೆಯೊಳಗೆ ಉಷ್ಣಾಂಶ 39 ಡಿಗ್ರಿಗೆ ಇಳಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡದು. ಜ್ವರದಲ್ಲಿ ಮಿದುಳೇ ಕಾವಿನ ಮಟ್ಟ ಏರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಹೀಟ್ ಸ್ಟ್ರೋಕಿನಲ್ಲಿ ಆ ಮಟ್ಟ ಏರಿರುವುದೇ ಇಲ್ಲ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತಬೇಕು.

ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹೊಸಬರಿಗೆ, ರಜೆ ಮುಗಿಸಿ ಬಂದವರಿಗೆ ಮೊದಲ ದಿನಗಳೇ ಗಂಡಾಂತರ. ಅವರ ಕೆಲಸ ಹಗುರವಾಗಿರಲಿ.

ಕಟ್ಟಡ ಕೆಲಸದ ಜಾಗದಲ್ಲೆಲ್ಲ ಪ್ರಥಮ ಚಿಕಿತ್ಸೆಯ ಏರ್ಪಾಡು ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಹತ್ತಿ, ಬ್ಯಾಂಡೇಜು ತುಂಬಿದ ಪೆಟ್ಟಿಗೆಯಷ್ಟರಿಂದ ಆ ಹೊಣೆ ತೀರದು. ಗುತ್ತಿಗೆದಾರರೇ, ಮೇಸ್ತ್ರಿಗಳೇ, ಬೇಸಿಗೆ ಕಾಲಿಡುವ ಮುನ್ನ ಒಂದು ತಾಡಪತ್ರಿ, ಒಂದು ಡ್ರಮ್ ನೀರು ಮೀಸಲಿಡಿ; ನಿಮ್ಮ ಆಳುಗಳಿಗೆ ಈ ಕೆಲಸವನ್ನು ಒಮ್ಮೆ ಮಾಡಿ ತೋರಿಸಿ.