ಮರವಾದ ಮೇಲೂ ಬಗ್ಗುವುದು

ನಿವೃತ್ತನಾದ ಮರುವರ್ಷ, ಅರವತ್ತೊಂದನೆಯ ವಯಸ್ಸಿನಲ್ಲಿ, ನಾನು ಗಿಟಾರ್ ಕಲಿಯಲು ಸೇರಿಕೊಂಡೆ. ಬೆಂಗಳೂರಿನ ಹನುಮಂತನಗರದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆ ಪಾಠದ ಕೋಣೆ. ಮೊದಲ ಸಂಜೆ ಹೊರಗಿನ ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ತಾಯಿಯೊಬ್ಬರು, 'ಮೊಮ್ಮಗನನ್ನು ಸೇರಿಸಿದ್ದೀರಾ?' ಎಂದು ವಿಶ್ವಾಸದಿಂದ ಕೇಳಿದರು. 'ಇಲ್ಲ, ನಾನೇ ಸೇರಿದ್ದೇನೆ' ಎಂದೆ. ಅವರು ನಕ್ಕರು. ನಾನು ನಗದಿರುವುದನ್ನು ಕಂಡು ಮುಜುಗರಪಟ್ಟು ಮೊಬೈಲಿನತ್ತ ತಿರುಗಿದರು.

ಬಂಧುಗಳ ಸ್ವಾಗತವೂ ಇದಕ್ಕಿಂತ ಭಿನ್ನವಾಗಿರಲಿಲ್ಲ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೋ?' ಎಂದು ಅಕ್ಕ ದೂರವಾಣಿಯಲ್ಲೇ ತೀರ್ಪು ಕೊಟ್ಟಳು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ನಂಬುವ ನಾಡು ನಮ್ಮದು. ಆ ಗಾದೆಗೆ ನನ್ನ ಬಳಿ ಆಗ ಉತ್ತರವಿರಲಿಲ್ಲ.

ಗಿಡವಾಗಿದ್ದಾಗ ಬಗ್ಗುವ ಆಸೆ ಇರಲಿಲ್ಲವೆಂದಲ್ಲ. ಮಲೆನಾಡಿನ ನಮ್ಮ ಊರಿನಲ್ಲಿ ರೇಡಿಯೋದ ಚಿತ್ರಗೀತೆಗಳ ನಡುವೆ ಕೇಳಿಬರುತ್ತಿದ್ದ ಆ ತಂತಿಯ ನಾದ ಯಾವ ವಾದ್ಯದ್ದೆಂದು ತಿಳಿಯುವುದಕ್ಕೇ ನನಗೆ ಹಲವು ವರ್ಷ ಬೇಕಾದವು. ತಿಳಿದಾಗ ಅಪ್ಪನನ್ನು ಕೇಳಿದೆ. ಎಸ್ಸೆಸ್ಸೆಲ್ಸಿ ಮುಗಿಯಲಿ ಎಂದರು. ಅದು ಮುಗಿದಾಗ ಪಿಯುಸಿ ಬಂತು, ಆಮೇಲೆ ಪದವಿ, ನೌಕರಿ, ತಂಗಿಯ ಮದುವೆ, ಮನೆಯ ಸಾಲ, ಮಕ್ಕಳ ಓದು. ಯಾರೂ ಬೇಡವೆನ್ನಲಿಲ್ಲ, ಎಲ್ಲರೂ ಆಮೇಲೆ ಎಂದರು. ಕೊನೆಕೊನೆಗೆ ಹಾಗೆ ಹೇಳುತ್ತಿದ್ದವನು ನಾನೇ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಆಸೆಗಳು ಸಾಯುವುದು ನಿರಾಕರಣೆಯಿಂದಲ್ಲ, ಮುಂದೂಡಿಕೆಯಿಂದ.

ಮೂವತ್ತೆರಡು ವರ್ಷ ಪದವಿಪೂರ್ವ ಕಾಲೇಜುಗಳಲ್ಲಿ ಭೌತವಿಜ್ಞಾನ ಬೋಧಿಸಿದವನು ನಾನು. ತಂತಿಯ ಕಂಪನವೆಂದರೆ ನನಗೆ ಅಂಗೈಯ ಗೆರೆಯಷ್ಟು ಪರಿಚಿತ ವಿಷಯ. ತಂತಿಯ ಉದ್ದ ಅರ್ಧವಾದರೆ ಕಂಪನಾಂಕ ಇಮ್ಮಡಿಯಾಗುತ್ತದೆ. ಎಳೆತ ನಾಲ್ಕು ಪಟ್ಟಾದರೂ ಇಮ್ಮಡಿಯಾಗುತ್ತದೆ. ಫ್ರಾನ್ಸಿನ ಮರ್ಸೆನ್ 1636ರಲ್ಲಿ ಪ್ರಕಟಿಸಿದ ಈ ನಿಯಮಗಳನ್ನು ಪ್ರಯೋಗಾಲಯದ ಸೋನೋಮೀಟರಿನ ಮೇಲೆ ಎಷ್ಟು ತಂಡಗಳಿಗೆ ತೋರಿಸಿದ್ದೇನೋ ಲೆಕ್ಕವಿಲ್ಲ. ಗಿಟಾರಿನ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳನ್ನು ಎಷ್ಟೆಷ್ಟು ಅಂತರದಲ್ಲಿ ಕೂರಿಸಬೇಕೆಂಬುದಕ್ಕೂ ಒಂದು ಗಣಿತವಿದೆ. ಪ್ರತಿ ಮನೆಗೂ ತಂತಿಯ ಉಳಿದ ಉದ್ದ ಸುಮಾರು ಹದಿನೆಂಟನೆಯ ಒಂದು ಭಾಗದಷ್ಟು ಕುಗ್ಗಬೇಕು. ಹನ್ನೆರಡನೆಯ ಮನೆಗೆ ಬರುವಾಗ ಅದು ಸರಿಯಾಗಿ ಅರ್ಧವಾಗಬೇಕು. ಈ ಹದಿನೆಂಟರ ಲೆಕ್ಕವನ್ನು ಲ್ಯೂಟ್ ವಾದ್ಯಕ್ಕಾಗಿ 1581ರಷ್ಟು ಹಿಂದೆಯೇ ಬರೆದಿಟ್ಟವರು ವಿನ್ಸೆಂಜೊ ಗೆಲಿಲಿ, ಖಗೋಳ ವಿಜ್ಞಾನಿ ಗೆಲಿಲಿಯೋನ ತಂದೆ.

ಇದನ್ನೆಲ್ಲ ನಾನು ಮೊದಲ ವಾರವೇ ನನ್ನ ಗುರುಗಳಿಗೆ ವಿವರಿಸಿದೆ. ಅವರಿಗೆ ಇಪ್ಪತ್ತಾರು ವರ್ಷ. ನನ್ನ ಕಿರಿಯ ಮಗನಿಗಿಂತ ಚಿಕ್ಕವರು. ನಾವಿಬ್ಬರೂ ಒಬ್ಬರನ್ನೊಬ್ಬರು 'ಸರ್' ಎಂದೇ ಕರೆಯುತ್ತೇವೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, 'ಚೆನ್ನಾಗಿದೆ ಸರ್. ಈಗ ಬೆರಳಿಡಿ' ಎಂದರು.

ಬೆರಳಿಟ್ಟೆ. ತಂತಿ ನುಡಿಯಲಿಲ್ಲ, ಟಪ್ ಎಂದಿತು.

ಕಲಿಕೆಯ ನಿಜವಾದ ಅರ್ಥ ಅಲ್ಲಿಂದ ತೆರೆದುಕೊಂಡಿತು. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಎಪ್ಪತ್ತು ಕಿಲೋಗ್ರಾಂ ತೂಕದ ಆಸುಪಾಸು ಇರುತ್ತದೆಂಬುದು ಪುಸ್ತಕದ ಮಾತು. ಅದರಲ್ಲಿ ಒಂದೊಂದು ತಂತಿಯೂ ಎಡಗೈ ಬೆರಳ ತುದಿಯನ್ನು ಕೊಯ್ಯುವಾಗ ಆಗುವ ಅನುಭವವೇ ಬೇರೆ. ಎರಡು ವಾರ ಸಾರಿನ ಬಟ್ಟಲನ್ನು ಎಡಗೈಯಲ್ಲಿ ಹಿಡಿಯಲಾರದೆ ಬಲಗೈಗೆ ಬದಲಾಯಿಸುತ್ತಿದ್ದೆ. ಮೂರನೆಯ ವಾರ ಚರ್ಮ ಗಡುಸಾಗತೊಡಗಿತು. ಬೆರಳುಗಳ ಮೊಂಡುತನ ಮಾತ್ರ ಇಳಿಯಲಿಲ್ಲ. 'ಸಿ' ಎಂಬ ಸ್ವರಮೇಳದಿಂದ 'ಜಿ' ಎಂಬುದಕ್ಕೆ ದಾಟಲು ಮೂರು ಬೆರಳುಗಳು ಒಟ್ಟಿಗೆ ಏಳಬೇಕು, ಒಟ್ಟಿಗೆ ಇಳಿಯಬೇಕು. ನನ್ನವು ಬಸ್ಸಿನಿಂದಿಳಿಯುವ ಮುದುಕರಂತೆ ಒಂದಾದ ಮೇಲೊಂದು ತಡವರಿಸಿಕೊಂಡು ಇಳಿಯುತ್ತಿದ್ದವು. ಪಕ್ಕದ ಕುರ್ಚಿಯ ಹತ್ತು ವರ್ಷದ ಹುಡುಗಿ ಒಂದು ತಿಂಗಳಲ್ಲಿ ದಾಟಿದ ಈ ಹೊಳೆಯನ್ನು ದಾಟಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಆ ಅವಮಾನದ ಸಂಜೆಗಳಲ್ಲೇ ನನಗೆ ಒಬ್ಬ ವಿದ್ಯಾರ್ಥಿಯ ನೆನಪು ಮತ್ತೆ ಮತ್ತೆ ಬರತೊಡಗಿದ್ದು.

ತೊಂಬತ್ತರ ದಶಕದ ಮಾತು. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗ. ಸೋನೋಮೀಟರಿನ ಪ್ರಯೋಗದಲ್ಲಿ ತಂತಿಯ ಮೇಲೆ ಕಾಗದದ ಪುಟ್ಟ ತುಂಡೊಂದನ್ನು ಸವಾರಿ ಕೂರಿಸುತ್ತಾರೆ. ಟ್ಯೂನಿಂಗ್ ಫೋರ್ಕನ್ನು ಬಡಿದು ಪೆಟ್ಟಿಗೆಗೆ ಒತ್ತಿದಾಗ, ತಂತಿಯ ಉದ್ದ ಸರಿಯಿದ್ದರೆ, ಆ ಕಾಗದ ಹಾರಿ ಬೀಳುತ್ತದೆ. ಅವನ ಕಾಗದ ಬೀಳಲೇ ಇಲ್ಲ. ಮೂರು ವಾರ ಬೀಳಲಿಲ್ಲ. ಅವನ ಕೈ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ನಿಯಮ ಇಷ್ಟು ಸರಳವಾಗಿರುವಾಗ ಇವನಿಗೇಕೆ ಬಾರದು ಎಂಬುದು ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. 'ಇಷ್ಟೂ ಬಾರದವನು ವಿಜ್ಞಾನಕ್ಕೆ ಏಕಪ್ಪಾ ಬಂದೆ?' ಎಂದು ಇಡೀ ತಂಡದೆದುರು ಕೇಳಿದೆ. ಹುಡುಗರು ನಕ್ಕರು. ಮರುವಾರ ಅವನು ಬರಲಿಲ್ಲ; ಅದರಾಚೆಗೂ ಬರಲಿಲ್ಲ. ಕಾಲೇಜು ಬಿಟ್ಟನೆಂದು ತಿಂಗಳ ನಂತರ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದವನೂ ನಾನೇ. ಬಿಡುವುದಕ್ಕೆ ಅವನಿಗೆ ಬೇರೆ ಕಾರಣಗಳೂ ಇದ್ದಿರಬಹುದು. ಹಾಗೆಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ.

ಗೊತ್ತಿರುವುದಕ್ಕೂ ಬರುವುದಕ್ಕೂ ನಡುವೆ ಎಷ್ಟು ದೊಡ್ಡ ಕಂದಕವಿದೆಯೆಂಬುದು ನನಗೆ ಆಗ ಗೊತ್ತಿರಲಿಲ್ಲ. ಬಾಲ್ಯದಲ್ಲೇ ಕಲಿತದ್ದನ್ನು ನಾವು ಕಲಿತೆವೆಂಬುದನ್ನೇ ಮರೆತುಬಿಡುತ್ತೇವೆ. ಅದು ಹುಟ್ಟಿನಿಂದಲೇ ಬಂದದ್ದೆಂದು ಭ್ರಮಿಸಿ, ಬಾರದವರನ್ನು ಕಂಡು ಸಿಡಿಮಿಡಿಗೊಳ್ಳುತ್ತೇವೆ. ಪ್ರತಿಯೊಬ್ಬ ಅಧ್ಯಾಪಕನೂ ಐದು ವರ್ಷಕ್ಕೊಮ್ಮೆ ತನಗೆ ಏನೇನೂ ಬಾರದ ವಿದ್ಯೆಯೊಂದರ ತರಗತಿಯಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿಯಾಗಿ ಕೂರಬೇಕೆಂಬ ನಿಯಮವಿದ್ದರೆ ನಮ್ಮ ತರಗತಿಗಳು ಬೇರೆಯೇ ಆಗಿರುತ್ತಿದ್ದವೇನೋ.

ಇಳಿವಯಸ್ಸಿನಲ್ಲಿ ಸಂಗೀತ ಕಲಿತರೆ ಮೆದುಳಿಗೆ ಒಳ್ಳೆಯದಂತೆ, ಮರೆವು ದೂರವಾಗುವುದಂತೆ ಎಂದು ಹಿತೈಷಿಗಳು ಈಗ ನನ್ನನ್ನು ಸಮರ್ಥಿಸಲು ಮುಂದೆ ಬರುತ್ತಾರೆ. ಅವರ ಪ್ರೀತಿಗೆ ಋಣಿ. ಆದರೆ ವಾದ್ಯವನ್ನು ಕಷಾಯದಂತೆ ಕುಡಿಯಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಕಲಿಕೆಯೆಂದರೆ ಪರೀಕ್ಷೆಗಾಗಿ, ವೇದಿಕೆಗಾಗಿ, ಇಲ್ಲವೇ ಆರೋಗ್ಯಕ್ಕಾಗಿ. ಅಂಕವಿಲ್ಲದ, ಪ್ರಮಾಣಪತ್ರವಿಲ್ಲದ, ಕೆಟ್ಟದಾಗಿ ನುಡಿಸಿದರೂ ಯಾರಿಗೂ ನಷ್ಟವಿಲ್ಲದ ಒಂದು ವಿದ್ಯೆ ಮನುಷ್ಯನಿಗೆ ಇರಬಾರದೇ?

ಅಕ್ಕನ ಗಾದೆಗೆ ಉತ್ತರ ಸಿಕ್ಕಿದ್ದು ಗುರುಗಳ ವಾದ್ಯದಲ್ಲಿ. ನನ್ನದು ಪದರದ ಹಲಗೆಯ ಅಗ್ಗದ ಗಿಟಾರ್. ಅವರದರ ಬೆನ್ನು, ಪಕ್ಕೆಗಳು ಬೀಟೆಯವು. ನಮ್ಮೂರ ಕಡೆ ಬೀಟೆಯೆಂದರೆ ಮಂಚ, ಬಾಗಿಲು, ಮೂರು ತಲೆಮಾರಿಗೂ ಜಗ್ಗದ ಮರ. ಪಶ್ಚಿಮ ಘಟ್ಟದ ಈ ಮರವನ್ನು ಜಗತ್ತಿನ ಗಿಟಾರ್ ತಯಾರಕರು ಬಹುವಾಗಿ ಬಳಸುತ್ತಾರೆ. ಬ್ರೆಜಿಲ್‌ನ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ತಡೆ ಬಿದ್ದ ಮೇಲೆ ನಮ್ಮ ಬೀಟೆಯ ಅವಲಂಬನೆ ಇನ್ನಷ್ಟು ಹೆಚ್ಚಿತು. 2017ರಲ್ಲಿ ಇಡೀ ಬೀಟೆ ಕುಲದ ವ್ಯಾಪಾರದ ಮೇಲೆಯೇ ನಿಯಂತ್ರಣ ಬಂದಿತು; ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತದ್ದು 2019ರಲ್ಲಿ.

'ಇಷ್ಟು ಗಟ್ಟಿ ಮರಕ್ಕೆ ಈ ಸೊಂಟದ ಬಳುಕು ಹೇಗೆ ಬಂತು ಸರ್? ಕೆತ್ತುತ್ತಾರೆಯೇ?' ಎಂದು ಕೇಳಿದೆ.

'ಇಲ್ಲ ಸರ್, ಬಗ್ಗಿಸುತ್ತಾರೆ' ಎಂದರು.

ಮರವನ್ನು ಎರಡು ಮಿಲಿಮೀಟರಿನಷ್ಟು ತೆಳುವಾಗಿ ಸೀಳಿ, ನೀರಿನಲ್ಲಿ ನೆನೆಸಿ, ಕಾದ ಲೋಹದ ಕೊಳವೆಗೆ ಒತ್ತಿ ಹಿಡಿಯುತ್ತಾರಂತೆ. ಬಿಸಿ ಒಳಗಿಳಿದಂತೆ ನಾರು ಸಡಿಲಗೊಂಡು ನಿಧಾನವಾಗಿ ಬಾಗುತ್ತದೆ, ಅವಸರಪಟ್ಟರೆ ಸೀಳುತ್ತದೆ. ಆರಿದ ಮೇಲೆ ಬಾಗಿದ ಆಕಾರವೇ ನಿಲ್ಲುತ್ತದೆ. ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿ, ಮರವಾದ ಮೇಲೂ ಬಗ್ಗುತ್ತದಂತೆ, ತೆಳ್ಳಗಾಗಬೇಕು, ನೆನೆಯಬೇಕು, ಬಿಸಿ ತಾಳಬೇಕು ಅಷ್ಟೇ ಎಂದೆ. 'ಊಟ ಆಯಿತೇನೋ?' ಎಂದಳು.

ಈಗ ಹದಿನಾಲ್ಕನೆಯ ತಿಂಗಳು. ಹೊಸಬರ ಪಾಲಿನ ಹೆಬ್ಬಾಗಿಲೆನಿಸಿದ 'ಎಫ್' ಸ್ವರಮೇಳದ ಮುಂದೆ ನಿಂತಿದ್ದೇನೆ. ತೋರುಬೆರಳೊಂದೇ ಆರೂ ತಂತಿಗಳನ್ನು ಅಡ್ಡಲಾಗಿ ಒತ್ತಿ ಹಿಡಿಯಬೇಕು, ಉಳಿದ ಬೆರಳುಗಳು ತಮ್ಮ ಕೆಲಸ ಮಾಡಬೇಕು. ಕಳೆದ ಗುರುವಾರ ಎಷ್ಟನೆಯ ಪ್ರಯತ್ನವೋ, ಬಲಗೈ ಮೀಟಿದಾಗ ಎರಡನೆಯ ತಂತಿ ಎಂದಿನಂತೆ ಟಪ್ ಎಂದಿತು. 'ಬರಲಿಲ್ಲ ಸರ್' ಎಂದು ಕೈ ತೆಗೆದೆ.

'ಐದು ತಂತಿ ಬಂತಲ್ಲ ಸರ್' ಎಂದರು ಅವರು.

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೂವತ್ತೆರಡು ವರ್ಷ ಕೆಂಪು ಶಾಯಿಯ ಪೆನ್ನು ಹಿಡಿದು ನಾನು ಎಣಿಸಿದ್ದು ಆ ಆರನೆಯ ತಂತಿಯನ್ನೇ. ಈಗ ನಡುವಯಸ್ಸು ದಾಟಿರಬಹುದಾದ ಆ ಹುಡುಗ ಎಲ್ಲಿದ್ದಾನೋ ನನಗೆ ತಿಳಿಯದು. ಅಂದು ಅವನ ಬಳಿ ಕುಳಿತು, ಉದ್ದವನ್ನು ಒಂದಿಷ್ಟು ಸರಿಸಿ, ಇನ್ನೊಮ್ಮೆ ನೋಡೋಣ ಎಂದಿದ್ದರೆ ಆ ಕಾಗದ ಬೀಳುತ್ತಿತ್ತು.

'ಇನ್ನೊಮ್ಮೆ ನೋಡೋಣವೇ ಸರ್?' ಎಂದರು ಗುರುಗಳು. ಬೆರಳಿಟ್ಟೆ.